ಡಿಸ್ಚಾರ್ಜ್ ಕಾರ್ಡಿನಲ್ಲಿ ಕಾಯಿಲೆಯ ಹೆಸರು ಪೂರ್ತಿ ಇರಲಿ

ಮಾನ್ಯರೇ,

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಕೇಸ್ ಪೇಪರ್ ಓದಿ ಕೋಡ್, ಅಂದರೆ ಒಂದೊಂದು ಕಾಯಿಲೆಗೂ ಇರುವ ಗುರುತಿನ ಸಂಖ್ಯೆ, ಹಾಕುವುದು ನನ್ನ ಕೆಲಸ. ಎದೆಬಡಿತದ ಲಯ ತಪ್ಪುವ 'ಏಟ್ರಿಯಲ್ ಫಿಬ್ರಿಲೇಷನ್' ಎಂದಷ್ಟೇ ಅಲ್ಲಿಯ ವೈದ್ಯರು ಬರೆದರೆ ನಮಗೆ ಸಿಗುವುದು ಐ48.91, ಅಂದರೆ ಯಾವ ಬಗೆ ಎಂದು ತಿಳಿಸಿಲ್ಲ. ಬಂದುಹೋಗುವ, ಏಳು ದಿನದೊಳಗೆ ನಿಲ್ಲುವ ಬಗೆಯಾದರೆ ಐ48.0. ವರ್ಷ ದಾಟಿಯೂ ಬಿಡದಿದ್ದರೆ ಐ48.11. ಇನ್ನು ಲಯ ಸರಿಪಡಿಸುವ ಗೋಜು ಬೇಡವೆಂದು ತೀರ್ಮಾನಿಸಿದ್ದರೆ ಐ48.21. ಇಸಿಜಿ ನೋಡಿ ನಾವೇ ಊಹಿಸುವಂತಿಲ್ಲ. ವೈದ್ಯರಿಗೆ ಪ್ರಶ್ನೆ ಕಳಿಸಬೇಕು, ಅವರು ಬರೆದುಕೊಡಬೇಕು. ಇಷ್ಟೆಲ್ಲ ಬಿಗಿ ಬಹುಮಟ್ಟಿಗೆ ಬಿಲ್ಲಿನ ಸಲುವಾಗಿ, ಅದೇನು ಗುಟ್ಟಲ್ಲ. ಆದರೆ ಲಾಭ ರೋಗಿಗೂ ಇದೆ.

ಗದಗ ಕಡೆಯ ನಮ್ಮ ಸೋದರಮಾವ ಹಲ್ಲು ಕೀಳಿಸಿಕೊಳ್ಳಲು ಇಲ್ಲಿಗೆ ಬಂದಿದ್ದರು. ಅವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಕಾಯಿಲೆಯ ಜಾಗದಲ್ಲಿ ಇದ್ದದ್ದು 'ಪಾಲ್ಪಿಟೇಷನ್, ಬಿಪಿ'. ನಮ್ಮ ಲೆಕ್ಕದಲ್ಲಿ ಪಾಲ್ಪಿಟೇಷನ್, ಅಂದರೆ ಎದೆ ಡವಡವ ಎನ್ನುವುದು, ಆರ್00.2, ಬರೀ ಲಕ್ಷಣ. ಕೆಳಗೆ ಮಾತ್ರ ವಾರ್ಫರಿನ್ ಗುಳಿಗೆ. ಯಾತಕ್ಕೆ, ಎಲ್ಲಿಯತನಕ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂಬ ಅಳತೆ) ಎಷ್ಟಿರಬೇಕು, ಒಂದೂ ಇಲ್ಲ. ಪಿನ್ ಹೊಡೆದಿದ್ದ ಇಸಿಜಿ ಪಟ್ಟಿ ಥರ್ಮಲ್ ಕಾಗದದ್ದು. ಗೆರೆಗಳು ಮಾಸಿ ಹಾಳೆ ಬೋಳಾಗಿತ್ತು. ಹಲ್ಲಿನ ಡಾಕ್ಟರು ಕೇಳಿದರೆ ಮಾವ, "ರಕ್ತ ತೆಳ್ಳಗ ಆಗೂ ಗುಳಿಗಿ ಅಂತ್ರೀ, ಯಾಕಂತ ಹೇಳಿಲ್ರೀ" ಎಂದರು. ಪುಣ್ಯಕ್ಕೆ ಆ ಡಾಕ್ಟರು ಅವಸರ ಮಾಡದೆ ಗದಗಿಗೆ ಫೋನ್ ಹಚ್ಚಿಸಿದರು. ಬೇರೆಯವರಾಗಿದ್ದರೆ ಗುಳಿಗೆ ಬಿಡಿಸುತ್ತಿದ್ದರೋ ಏನೋ.

ಮೊದಲು ಹೇಳಿದ ಏಟ್ರಿಯಲ್ ಫಿಬ್ರಿಲೇಷನ್ ಕಾಯಿಲೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ಅದುರುತ್ತವೆ. ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ. ಅದರ ಅಪಾಯ ಈ ಕಾಯಿಲೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ನಾಡಿ ಸರಿಯಾಗಿದೆ ಅನಿಸಿದ ದಿನವೂ ಗುಳಿಗೆ ಬೇಕಾಗುವುದು ಅದಕ್ಕೇ.

ಒಪಿಡಿ ಸಾಲು ನೋಡಿದವರಿಗೆ ನಮ್ಮ ವೈದ್ಯರ ಪಾಡು ಗೊತ್ತು. ಕೋಡ್ ಹಾಕಿರೆಂದು ನಾನು ಕೇಳುತ್ತಿಲ್ಲ. ಕಾಯಿಲೆ ಯಾವ ಬಗೆ, ಯಾವಾಗಿನಿಂದ, ರಕ್ತ ತೆಳುವಾಗುವ ಔಷಧ ಯಾತಕ್ಕೆ, ಯಾರನ್ನು ಕೇಳದೆ ನಿಲ್ಲಿಸಬಾರದು, ಇಷ್ಟನ್ನು ಕಾರ್ಡಿನ ಮೇಲೆ, ಕೊನೆಯದನ್ನಾದರೂ ಕನ್ನಡದಲ್ಲಿ, ಬರೆದುಕೊಡಲಿ. ಖಾಲಿ ಜಾಗ ಬಿಟ್ಟ ಒಂದು ರಬ್ಬರ್ ಸ್ಟಾಂಪ್ ಮಾಡಿಸಿ ನರ್ಸಮ್ಮನ ಕೈಗೆ ಕೊಟ್ಟರೆ ವೈದ್ಯರು ತುಂಬಿ ಸಹಿ ಹಾಕುವುದಷ್ಟೇ. ಇಸಿಜಿಯ ಒಂದು ಜೆರಾಕ್ಸ್ ಕೂಡ ಜೊತೆಗಿರಲಿ.

– ಒಬ್ಬ ಮೆಡಿಕಲ್ ಕೋಡರ್, ವಿದ್ಯಾನಗರ, ಹುಬ್ಬಳ್ಳಿ