ಅಪ್ಪನ ಕೆಂಪು ಇಂಜೆಕ್ಷನ್

ಆಕ್ಸ್‌ಫರ್ಡ್, ಭಾನುವಾರ

ಪ್ರೀತಿಯ ಅಪ್ಪ-ಅವ್ವನಿಗೆ ನಮಸ್ಕಾರ.

ಅವ್ವ ನಿನ್ನೆ ಫೋನಿನಲ್ಲಿ ಹೇಳಿದ್ದು ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ರಕ್ತಕ್ಕೂ ನರಕ್ಕೂ ಬೇಕಾದ ವಿಟಮಿನ್ ಬಿ12 ಇಂಜೆಕ್ಷನ್ನನ್ನು ಅಪ್ಪ ನಾಲ್ಕು ತಿಂಗಳಿಂದ ಬಿಟ್ಟಿದ್ದಾನಂತೆ. "ಹಾಲು ಮೊಸರು ಚೆಂದಾಗಿ ಉಣ್ಣತೀನಿ, ಸೂಜಿ ಯಾಕ" ಅನ್ನುತ್ತಾನಂತೆ. ಫೋನಿನಲ್ಲಿ ಹೇಳಹೋದರೆ ಅರ್ಧಕ್ಕೇ ಇಟ್ಟುಬಿಡುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಅವ್ವ, ಓದಿ ಹೇಳು.

ಸೂಜಿ ಯಾಕೆ ಬೇಕು ಅನ್ನುವುದು ಕರುಳಿನ ಕತೆ. ಅವ್ವ, ನಿನ್ನ ಸೀರೆಯ ನೆರಿಗೆ ನೆನೆಸಿಕೋ. ಸಣ್ಣಕರುಳು ಸುಮಾರು 6 ಮೀಟರ್, ನಿನ್ನ ಸೀರೆಗಿಂತ ತುಸು ಉದ್ದ. ಅದನ್ನು ಹಿಡಿದಿರುವ ತೆಳು ಪೊರೆ ಬೆನ್ನ ಕಡೆಗೆ ಅಂಟಿಕೊಂಡಿರುವುದು ಬರೀ 15 ಸೆಂಟಿಮೀಟರ್ ಜಾಗದಲ್ಲಿ, ಒಂದು ಗೇಣೂ ಇಲ್ಲ. ಸೊಂಟದಲ್ಲಿ ಸಿಕ್ಕಿಸಿದ ನೆರಿಗೆ ಕೆಳಗೆ ಅಗಲವಾಗುವ ಹಾಗೆ ಅದು ಹರಡಿ, ಅಷ್ಟುದ್ದದ ಕರುಳನ್ನು ಗಂಟು ಬೀಳದಂತೆ ಕಾಯುತ್ತದೆ. ರಕ್ತನಾಳಗಳೂ ಅದರೊಳಗಿಂದಲೇ ಬರುತ್ತವೆ. ಓದುವಾಗೆಲ್ಲ ನನಗೆ ನೀನು ಬೆಳಿಗ್ಗೆ ನೆರಿಗೆ ಹಿಡಿಯುವುದೇ ಕಣ್ಣಿಗೆ ಕಟ್ಟುತ್ತದೆ.

ರೊಟ್ಟಿ, ಬೇಳೆ, ಎಣ್ಣೆಯ ಸಾರವೆಲ್ಲ ಹೆಚ್ಚಾಗಿ ಕರುಳಿನ ಮೊದಲ ಅರ್ಧದಲ್ಲೇ ರಕ್ತಕ್ಕೆ ಸೇರುತ್ತದೆ. ಬಿ12 ಹಾಗಲ್ಲ. ಜಠರದಲ್ಲಿ ಹುಟ್ಟುವ ಒಂದು ಪ್ರೋಟೀನಿನ ಕೈ ಹಿಡಿದು, ಅಷ್ಟೂ ದಾರಿ ಸವೆಸಿ, ದೊಡ್ಡಕರುಳು ಶುರುವಾಗುವ ಮುಂಚಿನ ಕೊನೆಯ ತುಂಡಿಗೆ ಬರುತ್ತದೆ. ಇಲಿಯಂ ಅನ್ನುವ ಭಾಗದ ತುದಿ ಅದು. ಬಿ12 ಒಳಗೆ ಹೋಗುವ ಬಾಗಿಲು ಅಲ್ಲಿದೆ. ಅಪ್ಪ, ಕರುಳಿಗೆ ಕ್ಷಯ ಹತ್ತಿದ್ದೂ ಅಲ್ಲೇ, ಮೂರು ವರ್ಷದ ಹಿಂದೆ ಡಾಕ್ಟರು ಎರಡು ಅಡಿಗೂ ಮೇಲೆ ಕತ್ತರಿಸಿ ತೆಗೆದದ್ದೂ ಅದೇ ತುಂಡು. ಎಷ್ಟು ಹಾಲು ಕುಡಿದರೂ ಅದರ ಬಿ12 ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಉಳಿದ ಕರುಳು ಬೇರೆ ಎಷ್ಟೋ ಕೆಲಸ ಕಲಿತುಕೊಳ್ಳುತ್ತದೆ, ಇದನ್ನು ಕಲಿಯುವುದಿಲ್ಲ.

ಇಷ್ಟು ದಿನ ಆರಾಮ ಇದ್ದೆಯಲ್ಲ, ಅದು ಯಕೃತ್ತಿನಲ್ಲಿದ್ದ ಕೂಡಿಟ್ಟ ಗಂಟಿನಿಂದ. ಆರೋಗ್ಯವಂತರಲ್ಲಿ ಕೆಲವು ವರ್ಷಕ್ಕೆ ಸಾಲುವಷ್ಟು ಬಿ12 ಅಲ್ಲಿರುತ್ತದೆ, ನಿನ್ನದು ಕರಗುತ್ತಾ ಬಂದಿರಬಹುದು. ಈಗ ಬದುವಿನ ಮೇಲೆ ನಡೆಯುವಾಗ ಪಾದ ಜೋಮು ಹಿಡಿಯುತ್ತದೆ ಅಂತೀಯಂತೆ. ನನಗೆ ಹೆದರಿಕೆ ಆಗಿರುವುದು ಅದಕ್ಕೇ. ರಕ್ತ ಕಡಿಮೆಯಾದರೆ ಮತ್ತೆ ತುಂಬಿಕೊಳ್ಳುತ್ತದೆ, ನರ ಬಹಳ ದಿನ ಸೊರಗಿದರೆ ಪೂರ್ತಿ ಸರಿಹೋಗದೆಯೂ ಇರಬಹುದು.

ಆ ಮದ್ದು ಕೆಂಪಗಿರುವುದು ಯಾಕೆಂದು ಅಪ್ಪ, ನೀನು ಒಮ್ಮೆ ಕೇಳಿದ್ದೆ. ಬಿ12 ಕಣದ ನಡುವೆ ಕೋಬಾಲ್ಟ್ ಅನ್ನುವ ಲೋಹದ ಒಂದು ಪರಮಾಣು ಇದೆ, ಬಣ್ಣ ಅದರಿಂದ ಮತ್ತು ಅದನ್ನು ಸುತ್ತಿರುವ ಉಂಗುರದಂಥ ರಚನೆಯಿಂದ. ಆ ಕೆಂಪು ಹರಳಿಗೆ ಎಕ್ಸ್-ರೇ ಹಾಯಿಸಿ, ಎಂಟು ವರ್ಷ ಲೆಕ್ಕ ಹಾಕಿ ಅದರ ರಚನೆ ಕಂಡುಹಿಡಿದವರು ವಿಜ್ಞಾನಿ ಡೊರೊಥಿ ಹಾಡ್ಜ್‌ಕಿನ್, ಇದೇ ಊರಿನಲ್ಲಿ, 1950ರ ದಶಕದಲ್ಲಿ. 1964ರಲ್ಲಿ ಅವರಿಗೆ ನೊಬೆಲ್ ಬಂತು. ದಿನಾ ಅವರು ಓಡಾಡಿದ ಬೀದಿಯಲ್ಲೇ ಕಾಲೇಜಿಗೆ ಹೋಗುತ್ತೇನೆ, ಈ ವಾರ ನಿನ್ನದೇ ನೆನಪು.

ನಾಳೆ ಸೋಮವಾರ ಬೆಳಿಗ್ಗೆಯೇ ಹೋಗಿ ಸೂಜಿ ಹಾಕಿಸಿಕೊಂಡು ಬಾ. ಪಾದದ ಜೋಮಿನ ವಿಷಯ ಡಾಕ್ಟರ ಮುಂದೆ ಮುಚ್ಚಿಡಬೇಡ. ಅವ್ವ, ನೀನೂ ಜೊತೆಗೆ ಹೋಗು, ಮುಂದಿನ ತಾರೀಖು ಕ್ಯಾಲೆಂಡರಿನಲ್ಲಿ ಬರೆಸು. ನಾನು ರಾತ್ರಿ ಫೋನ್ ಮಾಡುತ್ತೇನೆ.

ನಿಮ್ಮ ಮಗಳು