ಕರುವಿನ ನ್ಯುಮೋನಿಯಾ: ಔಷಧ ಒಳಗೆ ಹೋಗುವಂತಿರುವಾಗಲೇ ಕೊಡಿ

ಮಾನ್ಯ ಸಂಪಾದಕರೇ,

ನ್ಯುಮೋನಿಯಾ ಬಂದು ಕರು ಸತ್ತರೆ "ಆಂಟಿಬಯಾಟಿಕ್ ಕೊಡಿಸಿದ್ವಿ, ಏನೂ ಆಗಲಿಲ್ಲ, ಈಗಿನ ಔಷಧದಲ್ಲಿ ದಮ್ಮೇ ಇಲ್ಲ" ಅನ್ನುವ ಮಾತು ಹಸು ಸಾಕುವವರ ಬಾಯಲ್ಲಿ ಕೇಳುತ್ತಲೇ ಇರುತ್ತೇನೆ. ನಾನೂ ಹಾಗೇ ಅಂದುಕೊಂಡಿದ್ದವನು. ಒಂದೂವರೆ ತಿಂಗಳ ಹೆಣ್ಣುಗರು ಸತ್ತ ದಿನ ಪಶುವೈದ್ಯರು ಅದರ ಎದೆಗೂಡು ಬಿಚ್ಚಿ ತೋರಿಸಿದರು. ಅವತ್ತು ಕಂಡದ್ದನ್ನು ಬೇರೆಯವರಿಗೂ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಚೆನ್ನಾಗಿರುವ ಶ್ವಾಸಕೋಶ ತಿಳಿ ಗುಲಾಬಿ ಬಣ್ಣಕ್ಕಿರುತ್ತದೆ, ಸ್ಪಂಜಿನ ಹಾಗೆ ಮೆತ್ತಗಿರುತ್ತದೆ. ನನ್ನ ಕರುವಿನ ಶ್ವಾಸಕೋಶದ ಹಿಂಭಾಗ ಹಾಗೇ ಇತ್ತು. ಮುಂದಿನ ಕೆಳಭಾಗ ಮಾತ್ರ ಕಡುಗೆಂಪಾಗಿ, ಲಿವರ್ ಥರ ಗಟ್ಟಿಯಾಗಿತ್ತು. ಡಾಕ್ಟರು ಎರಡೂ ಕಡೆಯಿಂದ ಒಂದೊಂದು ಚೂರು ಕೊಯ್ದು ಬಕೆಟ್ ನೀರಿಗೆ ಹಾಕಿದರು. ಹಿಂಭಾಗದ್ದು ತೇಲಿತು. ಮುಂಭಾಗದ್ದು ಸೀದಾ ತಳಕ್ಕೆ ಹೋಯಿತು. "ಇಲ್ಲಿಗೆ ಗಾಳಿನೇ ಹೋಗ್ತಿರಲಿಲ್ಲ, ರಕ್ತನೂ ಸರಿಯಾಗಿ ಬರ್ತಿರಲಿಲ್ಲ, ಔಷಧ ಹೇಗೆ ಬರುತ್ತೆ ಹೇಳಿ" ಅಂದರು.

ಆಮೇಲೆ ಅವರನ್ನು ಬಿಡದೆ ಕೇಳಿ, ಓದಿ ತಿಳಿದುಕೊಂಡೆ. ಕುತ್ತಿಗೆಗೆ ಚುಚ್ಚಿದ ಔಷಧ ನಿಧಾನವಾಗಿ ರಕ್ತಕ್ಕೆ ಸೇರಿ ಹೃದಯದ ಬಲಭಾಗಕ್ಕೆ ಬರುತ್ತದೆ, ಅಲ್ಲಿಂದ ನೇರವಾಗಿ ಶ್ವಾಸಕೋಶಕ್ಕೆ. ದಾರಿಯೇನೋ ಹತ್ತಿರದ್ದೇ. ಆದರೆ ರೋಗಾಣು ರಕ್ತನಾಳದ ಒಳಗೆ ಕೂತಿರುವುದಿಲ್ಲ ಅಲ್ವಾ? ಅದು ಇರುವುದು ಆಚೆ, ಗಾಳಿಚೀಲಗಳ ಒಳಮೈಗೆ ಸವರಿದಂತಿರುವ ತೆಳ್ಳನೆಯ ದ್ರವದಲ್ಲಿ, ಜೀವಕೋಶಗಳ ಸಂದುಗಳಲ್ಲಿ. ನಡುವೆ ಇರುವ ಪೊರೆ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತೆಳು. ಔಷಧ ಅದನ್ನು ದಾಟಬೇಕು. ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವಷ್ಟು ಔಷಧ ದಾಟುವುದಿಲ್ಲ, ಬಿಡಿಯಾಗಿರುವುದು ಮಾತ್ರ ದಾಟುತ್ತದೆ.

ಎಲ್ಲ ಔಷಧವೂ ಒಂದೇ ಥರ ದಾಟುವುದಿಲ್ಲ. ಪೆನಿಸಿಲಿನ್, ಸೆಫ್ಟಿಯೋಫರ್ ಜಾತಿಯವು ನೀರಿಗೆ ಒಗ್ಗುವಂಥವು, ಜೀವಕೋಶದ ಹೊರಗಿನ ದ್ರವದಲ್ಲೇ ಹೆಚ್ಚಾಗಿ ಉಳಿಯುತ್ತವೆ. ಜೆಂಟಾಮೈಸಿನ್ ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆ. ಟುಲಾಥ್ರೋಮೈಸಿನ್ ಥರದವು ಕೊಬ್ಬಿಗೆ ಒಗ್ಗುತ್ತವೆ, ಹಾಗಾಗಿ ಜೀವಕೋಶದ ಒಳಗೇ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ರಕ್ತದಲ್ಲಿ ಟುಲಾಥ್ರೋಮೈಸಿನ್ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 4 ದಿನ ಸಾಕು, ಶ್ವಾಸಕೋಶದಲ್ಲಿ ಸುಮಾರು 8 ದಿನ ಬೇಕು. ಕೀವಿನ ಕಡೆಗೆ ಓಡುವ ಬಿಳಿ ರಕ್ತಕಣಗಳು ಕೂಡ ಇಂಥ ಔಷಧವನ್ನು ಒಳಗಿಟ್ಟುಕೊಂಡು ಹೋಗುತ್ತವೆ. ನನಗೆ ಇದು ನಿಜಕ್ಕೂ ಆಶ್ಚರ್ಯ ಅನ್ನಿಸಿತು. ಹಾಗಂತ ಅದೊಂದನ್ನೇ ಎಲ್ಲ ಕರುವಿಗೂ ಹೊಡೆಯುವುದಲ್ಲ. ಯಾವ ರೋಗಾಣು ಅನ್ನುವುದರ ಮೇಲೂ ಹೋಗುತ್ತದೆ. ಮೈಕೋಪ್ಲಾಸ್ಮಾ ಅನ್ನುವ ರೋಗಾಣುವಿಗೆ ಕೋಶದ ಗೋಡೆಯೇ ಇಲ್ಲ, ಪೆನಿಸಿಲಿನ್ ಕೆಲಸ ಮಾಡುವುದು ಆ ಗೋಡೆಯ ಮೇಲೆ. ಹಾಗಿದ್ದಾಗ ಎಷ್ಟು ಬಾಟ್ಲಿ ಚುಚ್ಚಿದರೂ ಏನು ಬಂತು? ಮನೆಯಲ್ಲಿ ಮಿಕ್ಕಿದ ಔಷಧವನ್ನು ಅಂದಾಜಿಗೆ ಕೊಡುವವರು ಇದನ್ನು ಯೋಚಿಸಬೇಕು.

ಇನ್ನು ತಡವಾದರೆ ಆಗುವುದು. ಮ್ಯಾನ್‌ಹೈಮಿಯಾ ಅನ್ನುವ ಬ್ಯಾಕ್ಟೀರಿಯಾ ವಿಷ ಬಿಟ್ಟು ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತದೆ. ಗಾಳಿಚೀಲಗಳಲ್ಲಿ ಕೀವು, ನಾರಿನಂಥ ಫೈಬ್ರಿನ್ ತುಂಬುತ್ತದೆ, ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಜೊತೆಗೆ ಗಾಳಿ ಬಾರದ ಭಾಗಕ್ಕೆ ಶ್ವಾಸಕೋಶ ತಾನೇ ರಕ್ತ ಕಡಿಮೆ ಮಾಡುತ್ತದೆ, ದನಗಳಲ್ಲಿ ಈ ಗುಣ ಬಹಳ ಜಾಸ್ತಿ. ದನದ ಶ್ವಾಸಕೋಶದ ಒಳಗೆ ದಪ್ಪ ಗೋಡೆಗಳಿರುವ ಸಣ್ಣ ಸಣ್ಣ ಖಾನೆಗಳಿವೆ, ಒಂದು ಕಟ್ಟಿಕೊಂಡರೆ ಪಕ್ಕದ್ದರಿಂದ ಗಾಳಿ ಬರುವುದೂ ಕಷ್ಟ. ಮೊದಲ ಒಂದೆರಡು ದಿನ ಪರಿಸ್ಥಿತಿ ಹೀಗಿರುವುದಿಲ್ಲ. ಆಗ ರಕ್ತ ಇನ್ನೂ ಚೆನ್ನಾಗಿ ಓಡುತ್ತಿರುತ್ತದೆ, ಉರಿಯೂತಕ್ಕೆ ರಕ್ತನಾಳ ಸ್ವಲ್ಪ ಸೋರುವುದರಿಂದ ಔಷಧ ಆಚೆ ದಾಟುವುದಕ್ಕೆ ಅನುಕೂಲವೂ ಆಗಬಹುದು.

ನಾನು ಆ ಒಂದೆರಡು ದಿನವನ್ನೇ ಕಳೆದಿದ್ದು. ಕರು ಕಿವಿ ಜೋತುಹಾಕಿಕೊಂಡು ನಿಂತಿತ್ತು, ಎರಡು ಸಲ ಕೆಮ್ಮಿತ್ತು. ಹಾಲು ಕುಡಿಯುತ್ತಿದೆಯಲ್ಲ ಅಂತ ಸುಮ್ನೆ ಬಿಟ್ಟೆ. ನಾಲ್ಕನೇ ದಿನ ಡಾಕ್ಟರನ್ನು ಕರೆಸಿದೆ. ಎರಡು ಇಂಜೆಕ್ಷನ್‌ಗೆ ಜ್ವರ ಇಳಿಯಿತು. ಐದು ದಿನ ಕೊಡಿಸಿ ಅಂದಿದ್ದರೂ ವಾಸಿಯಾಯಿತು ಅಂತ ಅಲ್ಲಿಗೇ ನಿಲ್ಲಿಸಿದೆ. ವಾರದಲ್ಲಿ ಮತ್ತೆ ಏದುಸಿರು, ಮೂರೇ ದಿನಕ್ಕೆ ಹೋಯಿತು. ಜ್ವರ ಇಳಿದಿದ್ದು ಔಷಧ ಮುಟ್ಟಿದ ಕಡೆ ರೋಗಾಣು ಸತ್ತಿದ್ದಕ್ಕೆ. ಗಟ್ಟಿಯಾದ ಭಾಗದ ಒಳಗೆ ಅವು ಹಾಗೇ ಉಳಿದಿದ್ದವು. ತಪ್ಪು ನನ್ನದು, ಔಷಧದ್ದಲ್ಲ.

ಈಗ ಕರು ಸ್ವಲ್ಪ ಮಂಕಾಗಿ ಕಂಡರೂ ಮೊದಲು ಥರ್ಮಾಮೀಟರ್ ಹಾಕುತ್ತೇನೆ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅವತ್ತೇ ಡಾಕ್ಟರಿಗೆ ಫೋನ್. ಕರು ನೆರಳಲ್ಲಿ ಆರಾಮಾಗಿ ಮಲಗಿರುವಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸುತ್ತೇನೆ, 40ಕ್ಕಿಂತ ಜಾಸ್ತಿ ಇದ್ದರೆ ಅದನ್ನೂ ಹೇಳುತ್ತೇನೆ. ಅವರು ಎಷ್ಟು ದಿನ ಅನ್ನುತ್ತಾರೋ ಅಷ್ಟೂ ದಿನ ಕೊಡಿಸುತ್ತೇನೆ. ಹೋದ ಸಲ ಒಂದು ಗಂಡುಗರು ಹೀಗೇ ಕೆಮ್ಮಿದಾಗ ಅದೇ ಸಂಜೆ ಚಿಕಿತ್ಸೆ ಶುರುವಾಯಿತು, ಈಗ ಹಗ್ಗ ಹಿಡಿದವರನ್ನೇ ಎಳೆದುಕೊಂಡು ಓಡುತ್ತದೆ.

ನಿಮ್ಮ ಕೃಷಿ ಪುಟದಲ್ಲಿ ಪಶುವೈದ್ಯರೊಬ್ಬರಿಂದ ಇದನ್ನು ಚಿತ್ರದ ಸಮೇತ ಬರೆಸಬೇಕು ಅಂತ ಕೇಳಿಕೊಳ್ಳುತ್ತೇನೆ. ಆ ಎರಡು ಚೂರುಗಳ ಫೋಟೋ, ತೇಲಿದ್ದು ಮತ್ತು ಮುಳುಗಿದ್ದು, ಅಕ್ಕಪಕ್ಕ ಹಾಕಿದರೆ ಒಳ್ಳೆಯದು.

ಇಂತಿ,
ಹಸು ಸಾಕುವ ಒಬ್ಬ ಓದುಗ