ಹಿಂಡು ಹೆಣ್ಣುಗಳದ್ದು: ಗೆಳೆಯನಿಗೊಂದು ಪತ್ರ

ಪ್ರೀತಿಯ ಬಸು,

ನಿನ್ನ ಪತ್ರ ಓದಿ ಮನಸ್ಸು ಭಾರವಾಯಿತು. ನಿಮ್ಮ ತೋಟದಾಚೆಯ ಮುಸುವಗಳ ಹಿಂಡಿಗೆ ಹೊಸ ಗಂಡು ನುಗ್ಗಿದ್ದು, ಹಳೆಯದನ್ನು ಕಚ್ಚಿ ಓಡಿಸಿದ್ದು, ಆಮೇಲೆ ಮರಿಗಳು ಸತ್ತಿದ್ದು, ಒಂದು ತಾಯಿ ಸತ್ತ ಮರಿಯನ್ನು ಬಿಡದೆ ಎತ್ತಿಕೊಂಡೇ ಓಡಾಡುತ್ತಿರುವುದು, ಎಲ್ಲ ಬರೆದಿದ್ದೀಯ. ಆ ಗಂಡಿಗೆ ಹುಚ್ಚು ಹಿಡಿದಿದೆ, ಅದನ್ನು ಹಿಡಿಸಿ ದೂರ ಬಿಡಿಸಬೇಕು ಅಂತ ಊರವರು ಹೇಳುತ್ತಿದ್ದಾರೆ, ನೀನೇನು ಹೇಳ್ತೀಯ ಎಂದು ಕೇಳಿದ್ದೀಯ.

ಹಿಡಿಸಬೇಡಿ. ಕಾಯ್ದೆಯೂ ಅದಕ್ಕೆ ಸುಮ್ನೆ ಬಿಡುವುದಿಲ್ಲ, ಆ ಮಾತು ಹಾಗಿರಲಿ. ಹಿಡಿಸಿದರೆ ಉಳಿದ ಮರಿಗಳಿಗೂ ಅಪಾಯ. ಇದು ನನ್ನ ಊಹೆಯಲ್ಲ. ಧಾರವಾಡದ ಕಾಡಿನಲ್ಲೇ ಅರವತ್ತು ವರ್ಷದ ಹಿಂದೆ ಇದನ್ನು ಮಾಡಿ ನೋಡಿದ್ದಾರೆ. ನಾವಿಬ್ಬರೂ ಆ ಊರಿನಲ್ಲೇ ಓದಿದವರು, ಆದರೂ ಈ ಕತೆ ನಮಗೆ ಯಾರೂ ಹೇಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

1960ರ ದಶಕದ ಆರಂಭದಲ್ಲಿ ಜಪಾನಿನಿಂದ ಯುಕಿಮಾರು ಸುಗಿಯಾಮ ಎಂಬ ಸಂಶೋಧಕರು ಧಾರವಾಡಕ್ಕೆ ಬಂದರು. ಅಲ್ಲಿನ ಕಾಡಿನ ಮುಸುವಗಳ ಹಿಂಡುಗಳನ್ನು ದಿನವೂ ಹಿಂಬಾಲಿಸಿ ಬರೆದಿಟ್ಟರು. ಎಷ್ಟೋ ಹಿಂಡುಗಳಲ್ಲಿ ದೊಡ್ಡ ಗಂಡು ಒಂದೇ. ಜೊತೆಗೆ ಹಲವು ಹೆಣ್ಣುಗಳು, ಮರಿಗಳು. ಉಳಿದ ಗಂಡುಗಳು ಬೇರೆ ಗುಂಪು ಕಟ್ಟಿಕೊಂಡು ಅಲೆಯುತ್ತವೆ, ಅವಕಾಶಕ್ಕೆ ಕಾಯುತ್ತವೆ. 1962ರಲ್ಲಿ ಅಂಥದ್ದೊಂದು ಗುಂಪು ಸುಗಿಯಾಮ ನೋಡುತ್ತಿದ್ದ ಹಿಂಡಿನ ಮೇಲೆ ಬಿತ್ತು. ಹಿಂಡಿನ ಗಂಡು ಸೋತು ಓಡಿತು. ಗೆದ್ದ ಗುಂಪಿನಲ್ಲಿ ಒಂದು ಗಂಡು ತನ್ನ ಜೊತೆಗಾರರನ್ನೂ ಅಟ್ಟಿ ತಾನೊಂದೇ ಉಳಿಯಿತು. ಆಮೇಲೆ ಮರಿಗಳಿಗೆ ಕಚ್ಚಿದ ಗಾಯಗಳಾದವು, ಒಂದೊಂದಾಗಿ ಇಲ್ಲವಾದವು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದೇ ಗಂಡಿನ ಜೊತೆ ಕೂಡಿದವು. ನೀನು ಬರೆದಿದ್ದಕ್ಕೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯಾ?

ಸುಗಿಯಾಮ ಅಲ್ಲಿಗೇ ನಿಲ್ಲಿಸಲಿಲ್ಲ. ಇನ್ನೊಂದು ಹಿಂಡಿನ ಗಂಡನ್ನು ಹಿಡಿದು ಹೊರಗೆ ಸಾಗಿಸಿ, ಮುಂದೇನಾಗುತ್ತದೆ ಅಂತ ನೋಡಿದರು. ಪಕ್ಕದ ಗಂಡು ಬಂತು, ಅಲ್ಲಿದ್ದ ಮರಿಗಳನ್ನು ಕೊಂದಿತು. ಊರವರಿಗೆ ಇದನ್ನೇ ಹೇಳು. ಈಗಿನ ಗಂಡನ್ನು ತೆಗೆದರೆ ಜಾಗ ಖಾಲಿ ಇರುವುದಿಲ್ಲ. ಮತ್ತೊಂದು ಬರುತ್ತದೆ, ಕತೆ ಮೊದಲಿನಿಂದ ಶುರುವಾಗುತ್ತದೆ.

ಹುಚ್ಚು ಅಂತ ಅನ್ನಿಸಿದ್ದು ನಿಮ್ಮ ಊರವರಿಗೆ ಮಾತ್ರವಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಹಾಗೇ ಅನ್ನಿಸಿತ್ತು. ಪ್ರಾಣಿಗಳು ತಮ್ಮ ಜಾತಿಯ ಒಳಿತಿಗಾಗಿ ನಡೆದುಕೊಳ್ಳುತ್ತವೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಹಾಗಿದ್ದರೆ ಮರಿ ಕೊಲ್ಲುವುದು ರೋಗವೇ ಆಗಿರಬೇಕು. ಕಾಡು ಕಿರಿದಾಗಿ ಮುಸುವಗಳು ಒತ್ತೊತ್ತಾಗಿ ಬದುಕುತ್ತಿವೆ, ಆ ಒತ್ತಡಕ್ಕೆ ಕೆಟ್ಟು ಹೋಗಿವೆ ಎಂದರು ಹಲವರು. ಹಾರ್ವರ್ಡ್ ವಿದ್ಯಾರ್ಥಿನಿ ಸಾರಾ ಬ್ಲಾಫರ್ ಹರ್ಡಿ ಕೂಡ 1971ರಲ್ಲಿ ರಾಜಸ್ಥಾನದ ಅಬು ಬೆಟ್ಟಕ್ಕೆ ಬಂದಾಗ ಅದೇ ವಿಚಾರ ತಲೆಯಲ್ಲಿಟ್ಟುಕೊಂಡಿದ್ದರು. ಅಲ್ಲಿ ಹಿಂಡುಗಳ ಹಿಂದೆ ತಿರುಗಿ ತಿರುಗಿ ಅವರ ಅಭಿಪ್ರಾಯ ಪೂರ್ತಿ ಬದಲಾಯಿತು. ಒತ್ತೊತ್ತಾಗಿ ಬದುಕುವುದೇ ಕಾರಣ ಅನ್ನುವ ಲೆಕ್ಕ ತಾಳೆಯಾಗಲಿಲ್ಲ. ಗಂಡು ಎದುರಿಗೆ ಸಿಕ್ಕಿದ ಯಾವ ಮರಿಯ ಮೇಲೂ ಬೀಳುತ್ತಿರಲಿಲ್ಲ. ಹೊಸದಾಗಿ ಹಿಂಡು ಗೆದ್ದಾಗ, ತಾನು ಹಿಂದೆ ಕೂಡಿರದ ತಾಯಂದಿರ ಮರಿಗಳ ಮೇಲೆ ಬೀಳುತ್ತಿತ್ತು.

ಕಾರಣ ಒಂದು ಕ್ರೂರ ಲೆಕ್ಕ. ಒಂದು ಗಂಡಿನ ಆಳ್ವಿಕೆ ಸರಾಸರಿ ಎರಡು ವರ್ಷದ ಆಸುಪಾಸು. ಅಷ್ಟರಲ್ಲಿ ಮತ್ತೊಂದು ಬಂದು ಓಡಿಸುತ್ತದೆ. ಮುಸುವದ ಬಸುರಿನ ಅವಧಿ ಆರೂವರೆ ತಿಂಗಳು. ಮರಿ ಒಂದು ವರ್ಷದಷ್ಟು ಕಾಲ ತಾಯಿಯ ಹಾಲು ಕುಡಿಯುತ್ತದೆ. ಹಾಲೂಡುವ ತಾಯಿ ಸಾಮಾನ್ಯವಾಗಿ ಬೆದೆಗೆ ಬರುವುದಿಲ್ಲ. ಹೊಸ ಗಂಡು ಕಾಯುತ್ತಾ ಕೂತರೆ ತನ್ನ ಮರಿ ಹುಟ್ಟಿ ಗಟ್ಟಿಯಾಗುವ ಮೊದಲೇ ತನ್ನ ಕಾಲ ಮುಗಿದಿರುತ್ತದೆ. ಬೇರೆ ಗಂಡಿನ ಮರಿ ಸತ್ತರೆ ತಾಯಿ ಕೆಲವೇ ದಿನ ವಾರಗಳಲ್ಲಿ ಮತ್ತೆ ಬೆದೆಗೆ ಬರುತ್ತದೆ. ಈ ಲೆಕ್ಕವನ್ನು ಗಂಡು ಕೂತು ಯೋಚಿಸುವುದಿಲ್ಲ. ಹಾಗೆ ನಡೆದುಕೊಂಡ ಗಂಡುಗಳ ಮರಿಗಳು ಜಾಸ್ತಿ ಉಳಿದವು, ಆ ಸ್ವಭಾವವೂ ಅವುಗಳ ಜೊತೆ ಉಳಿಯಿತು, ಅಷ್ಟೇ. ಗಂಡು ಬದಲಾದಾಗಲೆಲ್ಲ ಮರಿಗಳು ಸಾಯುತ್ತವೆ ಅಂತಲೂ ಅಲ್ಲ. ಏನೂ ಆಗದ ಹಿಂಡುಗಳೂ ಇವೆ.

ಇಷ್ಟನ್ನು ಟಿವಿಯಲ್ಲೂ ತೋರಿಸುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ ನೋಡು, ನನಗೆ ಸಿಟ್ಟು ಬರುವುದು ಅದಕ್ಕೆ. ರಾಜ, ಅವನ ರಾಣಿಯರು, ಹೊಸ ರಾಜ, ಮುಗಿಯಿತು. ಹೆಣ್ಣುಗಳು ಗೆದ್ದವನಿಗೆ ಸಿಕ್ಕ ಆಸ್ತಿ ಅನ್ನುವ ಹಾಗೆ. ನಿಜ ಏನೆಂದರೆ, ಹಿಂಡು ಹೆಣ್ಣುಗಳದ್ದು. ಅಜ್ಜಿ, ತಾಯಿ, ಅಕ್ಕ, ತಂಗಿ, ಹೀಗೆ ಹುಟ್ಟಿದ ಜಾಗದಲ್ಲೇ ಜೀವನವಿಡೀ ಉಳಿಯುವವು ಅವು. ಯಾವ ಮರದಲ್ಲಿ ಯಾವಾಗ ಚಿಗುರು, ಬೇಸಿಗೆಯಲ್ಲಿ ನೀರು ಎಲ್ಲಿ, ಅವಕ್ಕೆ ಗೊತ್ತು. ಗಂಡು ಬಂದು ಹೋಗುವ ಅತಿಥಿ.

ಮತ್ತು ಆ ಹೆಣ್ಣುಗಳು ಸುಮ್ಮನೆ ಕೂರುವುದಿಲ್ಲ. ಮರಿಯ ಮೇಲೆ ಗಂಡು ನುಗ್ಗಿದಾಗ ತಾಯಿ ಎದುರು ನಿಲ್ಲುತ್ತದೆ, ಆದರೆ ಗಂಡು ಅದಕ್ಕಿಂತ ತುಂಬಾ ದೊಡ್ಡದು. ಆಗ ನೆರವಿಗೆ ಬರುವವು ಯಾವುವು ಗೊತ್ತಾ? ಎಷ್ಟೋ ಸಲ ಮುದಿ ಹೆಣ್ಣುಗಳು. ಅಬುವಿನಲ್ಲಿ ಹರ್ಡಿ ಸೋಲ್ ಎಂದು ಹೆಸರಿಟ್ಟಿದ್ದ ಒಂದು ಮುದುಕಿ ಇತ್ತು. ಉಳಿದ ದಿನಗಳಲ್ಲಿ ಹಿಂಡಿನ ಅಂಚಿನಲ್ಲಿ ಒಂಟಿಯಾಗಿ ಇರುತ್ತಿತ್ತು, ಮೇವಿನ ಜಾಗದಿಂದ ಎಳೆಯ ಹೆಣ್ಣುಗಳೂ ಅದನ್ನು ಎಬ್ಬಿಸುತ್ತಿದ್ದವು. ಅದಕ್ಕೆ ತನ್ನದೇ ಮರಿ ಇರಲಿಲ್ಲ. ಆದರೆ ಗಂಡು ಮರಿಯ ಮೇಲೆ ಬಿದ್ದಾಗ ಮುನ್ನುಗ್ಗಿದ್ದು ಅದೇ. ಇನ್ನೊಂದು ಮುದಿ ಹೆಣ್ಣಿನ ಜೊತೆ ಸೇರಿ ಗಂಡಿನಿಂದ ಮರಿಯನ್ನು ಬಿಡಿಸಿಕೊಂಡದ್ದನ್ನು ಹರ್ಡಿ ಬರೆದಿದ್ದಾರೆ. ಇನ್ನು ತಾನು ಹೆರುವ ಕಾಲ ಮುಗಿಯುತ್ತಾ ಬಂದಿರುವಾಗ, ಗಾಯವಾದರೂ ಕಳೆದುಕೊಳ್ಳುವುದು ಕಡಿಮೆ. ಬದುಕಿಸಿದ ಮರಿ ಮೊಮ್ಮಗಳದ್ದೋ ತಂಗಿಯ ಮಗಳದ್ದೋ ಆಗಿರುವ ಸಾಧ್ಯತೆ ಜಾಸ್ತಿ. ವಿಜ್ಞಾನದ ವಿವರಣೆ ಇಷ್ಟು. ಅದನ್ನು ತಿಳಿದ ಮೇಲೂ ಆ ಮುದುಕಿಯ ಧೈರ್ಯದ ಮೇಲಿನ ನನ್ನ ಗೌರವ ಒಂದಿಷ್ಟೂ ಕಡಿಮೆಯಾಗಿಲ್ಲ.

ಜಗಳಕ್ಕಿಂತ ಚುರುಕಾದ ದಾರಿಯೂ ಉಂಟು. ಆಗಲೇ ಬಸುರಿಯಾಗಿರುವ ಹೆಣ್ಣು ಹೊಸ ಗಂಡಿನ ಮುಂದೆ ಹೋಗಿ, ಬೆನ್ನು ಕೊಟ್ಟು, ತಲೆ ಅದುರಿಸಿ, ಬೆದೆಗೆ ಬಂದ ಹಾಗೆಯೇ ಕರೆಯುತ್ತದೆ. ಅದರಿಂದ ಹೊಸ ಬಸುರು ಆಗುವ ಪ್ರಶ್ನೆಯೇ ಇಲ್ಲ. ಆದರೆ ಮುಂದೆ ಮರಿ ಹುಟ್ಟಿದಾಗ ಅದು ತನ್ನದಲ್ಲ ಅಂತ ಹೇಳಲು ಗಂಡಿನ ಬಳಿ ಯಾವ ಗುರುತೂ ಇರುವುದಿಲ್ಲ. ಮುಸುವಗಳಲ್ಲಿ ಅಂಡ ಬಿಡುಗಡೆಯಾಗುವ ದಿನ ಹೊರಗೆ ಕಾಣಿಸುವುದೂ ಇಲ್ಲ. ನೇಪಾಳದ ರಾಮನಗರದಲ್ಲಿ ಹಾರ್ಮೋನು ಪರೀಕ್ಷೆ ಮಾಡಿ ನೋಡಿದಾಗ, ಗಂಡುಗಳಿಗೆ ಆ ದಿನ ಯಾವುದೆಂದು ತಿಳಿಯುತ್ತಿಲ್ಲ ಅನ್ನುವುದು ಸ್ಪಷ್ಟವಾಯಿತು. ಕೂಡಿದ ಪ್ರತಿ ಗಂಡಿಗೂ ಮರಿ ತನ್ನದಿರಬಹುದು ಎಂಬ ಅನುಮಾನ ಉಳಿಸುವುದೇ ಮರಿಗೆ ರಕ್ಷೆ. ಗಂಡುಗಳು ಕಣ್ಣಿಗೆ ಬೀಳುವ ಹಾಗೆ ಹೊಡೆದಾಡುತ್ತವೆ, ಹೆಣ್ಣುಗಳ ಈ ಹೋರಾಟ ಕಣ್ಣಿಗೆ ಬೀಳದಿದ್ದರೆ ಅದು ನೋಡುವವರ ತಪ್ಪು.

ಇನ್ನೂ ನೋವಿನ ದಾರಿಯೂ ಇದೆ. ಇಥಿಯೋಪಿಯಾದ ಸಿಮಿಯನ್ ಬೆಟ್ಟಗಳಲ್ಲಿ ಗೆಲಾಡಾ ಎಂಬ ಕೋತಿಗಳಿವೆ. ಹೊಸ ಗಂಡು ಗುಂಪು ಗೆದ್ದ ಕೆಲವೇ ವಾರಗಳಲ್ಲಿ ಸುಮಾರು ಶೇ. 80ರಷ್ಟು ಬಸುರುಗಳು ಇಳಿದು ಹೋಗುತ್ತವೆ ಎಂದು 2012ರಲ್ಲಿ ವರದಿಯಾಯಿತು. ಹುಟ್ಟಿದ ಮೇಲೆ ಕೊಲ್ಲಿಸಿಕೊಳ್ಳಲಿರುವ ಮರಿಗೆ ತಿಂಗಳುಗಟ್ಟಲೆ ಮೈಯ ಸಾರ ಕೊಡುವ ಬದಲು, ದೇಹವೇ ಮೊದಲೇ ನಿಲ್ಲಿಸಿಬಿಡುತ್ತದೆ.

ಮರಿ ಕೊಂದ ಗಂಡಿನ ಜೊತೆ ಆ ತಾಯಿ ಹೇಗೆ ಕೂಡುತ್ತದೆ ಅಂತ ನೀನು ಕೇಳಿದ್ದೀಯ. ಹಿಂಡಿನ ಹೆಣ್ಣುಗಳೆಲ್ಲ ಒಟ್ಟಾಗಿ ಆ ಗಂಡನ್ನು ದೂರ ಇಟ್ಟರೆ ಇಂಥ ಸ್ವಭಾವವೇ ಅಳಿದುಹೋಗುತ್ತದೆ, ಅಲ್ವಾ? ಹರ್ಡಿಯವರೂ ಈ ಪ್ರಶ್ನೆ ಹಾಕಿಕೊಂಡಿದ್ದರು. ತೊಡಕು ಏನೆಂದರೆ, ಒಂದು ಹೆಣ್ಣು ದೂರ ನಿಂತು ಪಕ್ಕದ್ದು ನಿಲ್ಲದಿದ್ದರೆ, ದೂರ ನಿಂತದ್ದಕ್ಕೆ ಮರಿ ಇಲ್ಲ, ಕಾಲ ಮಾತ್ರ ಕಳೆದುಹೋಯಿತು. ಅದರ ವಂಶ ಹಿಂದೆ ಬೀಳುತ್ತದೆ. ಹೆಣ್ಣುಗಳ ನಡುವಿನ ಪೈಪೋಟಿಯೇ ಆ ಒಗ್ಗಟ್ಟನ್ನು ಮುರಿಯುತ್ತದೆ. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಹರ್ಡಿಯ ಮಾತನ್ನು ಒಪ್ಪದವರು ಬಹಳ ವರ್ಷ ವಾದ ಮಾಡಿದರು. ಕಣ್ಣಾರೆ ಕಂಡ ಪ್ರಕರಣಗಳು ಕಡಿಮೆ ಎಂದರು. ಆ ವಾದ ತಪ್ಪೇನಲ್ಲ, ಪುರಾವೆ ಕೇಳುವುದು ಸರಿಯೇ. 1999ರಲ್ಲಿ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬಂತು. ಮರಿಗಳ ಮೇಲೆ ಬಿದ್ದ ಗಂಡುಗಳಲ್ಲಿ ಒಂದೂ ಆ ಮರಿಗಳ ತಂದೆಯಲ್ಲ. ಆ ತಾಯಂದಿರ ಮುಂದಿನ ಮರಿಗಳಿಗೆ ಹೆಚ್ಚಾಗಿ ಅವೇ ತಂದೆ. ಅಲ್ಲಿನ ಹಿಂಡುಗಳಲ್ಲಿ ಹಲವು ಗಂಡುಗಳು ಒಟ್ಟಿಗೆ ಇರುತ್ತವೆ. ಮರಿಗಳನ್ನು ಕಾಪಾಡಲು ಅಡ್ಡ ನಿಂತ ಗಂಡುಗಳೂ ಇದ್ದವು. ಅವು ಮರಿಯ ತಂದೆ, ಇಲ್ಲವೇ ತಂದೆಯಾಗಿರಬಹುದಾದವು. ಅಂದರೆ ಗಂಡು ಒಂದು ಕಡೆ ಕೊಲೆಗಾರ, ಇನ್ನೊಂದು ಕಡೆ ಕಾವಲುಗಾರ.

ಇದರ ಹಿಂದಿನ ತತ್ವವನ್ನು ಇಂಗ್ಲೆಂಡಿನ ಜೆಫ್ರಿ ಪಾರ್ಕರ್ 1979ರಲ್ಲಿ ಬಿಡಿಸಿ ಹೇಳಿದ್ದರು. ಮರಿ ಹುಟ್ಟಲು ಗಂಡು ಹೆಣ್ಣು ಎರಡೂ ಬೇಕು, ಆದರೆ ಎರಡರ ಲಾಭವೂ ಒಂದೇ ದಿಕ್ಕಿನಲ್ಲಿ ಇರಬೇಕು ಅಂತೇನಿಲ್ಲ. ಅಮೆರಿಕದ ವಿಲಿಯಂ ರೈಸ್ ಹಣ್ಣಿನ ನೊಣಗಳಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಈ ಗಂಡು ನೊಣದ ವೀರ್ಯದ ದ್ರವದಲ್ಲಿ ಹೆಣ್ಣಿನ ಆಯಸ್ಸು ಕಡಿಮೆ ಮಾಡುವ ಅಂಶಗಳಿವೆ. 1996ರ ಪ್ರಯೋಗದಲ್ಲಿ ರೈಸ್ ಸುಮಾರು 40 ತಲೆಮಾರು ಗಂಡುಗಳನ್ನು ಮಾತ್ರ ಬದಲಾಗಲು ಬಿಟ್ಟರು, ಹೆಣ್ಣುಗಳಿಗೆ ಆ ಅವಕಾಶ ಕೊಡಲಿಲ್ಲ. ಕೊನೆಗೆ ಆ ಗಂಡುಗಳ ಜೊತೆ ಕೂಡಿದ ಹೆಣ್ಣುಗಳು ಬೇಗ ಸತ್ತವು. ಹೆಣ್ಣು ತಲೆಮಾರಿನಿಂದ ತಲೆಮಾರಿಗೆ ಎದುರೇಟು ಕೊಡುತ್ತಲೇ ಬಂದಿದ್ದರಿಂದ ಮಾತ್ರ ಉಳಿದುಕೊಂಡಿದೆ ಅಂತ ಆಗ ಗೊತ್ತಾಯಿತು.

1999ರ ಪ್ರಯೋಗ ಇನ್ನೂ ಚೆನ್ನಾಗಿದೆ. ಈ ಸಲ ರೈಸ್ ಮತ್ತು ಬ್ರೆಟ್ ಹಾಲೆಂಡ್ ಒಂದು ಹೆಣ್ಣಿಗೆ ಒಂದೇ ಗಂಡು ಎಂದು ಜೋಡಿ ಮಾಡಿ, 40ಕ್ಕೂ ಹೆಚ್ಚು ತಲೆಮಾರು ಸಾಕಿದರು. ಆ ಹೆಣ್ಣಿನ ಮೊಟ್ಟೆಗಳೆಲ್ಲ ಆ ಗಂಡಿನದ್ದೇ. ಹೆಣ್ಣಿಗೆ ಕೆಡುಕಾದರೆ ಗಂಡಿಗೂ ನಷ್ಟ. ಗಂಡುಗಳು ಮೆತ್ತಗಾದವು, ಹೆಣ್ಣುಗಳಿಗೆ ಆಗುವ ಹಾನಿ ಕಡಿಮೆಯಾಯಿತು, ಮರಿಗಳ ಸಂಖ್ಯೆಯೂ ಏರಿತು. ಗಂಡು ಅಂದಮೇಲೆ ಹೀಗೇ ಎನ್ನುವವರಿಗೆ ಈ ನೊಣಗಳನ್ನು ತೋರಿಸಬೇಕು. ಗೆಲುವಿನ ಲೆಕ್ಕ ಬದಲಾದರೆ ಸ್ವಭಾವವೂ ಬದಲಾಗುತ್ತದೆ.

ಮರಿ ಕೊಲ್ಲುವುದು ಗಂಡಿನದ್ದೇ ಬುದ್ಧಿ ಅಂತಲೂ ಹೇಳಲಾಗದು. ನಮ್ಮ ಕೆರೆಗಳಲ್ಲಿ ತಾವರೆ ಎಲೆಯ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಕ್ಕಿಗಳನ್ನು ನೋಡಿದ್ದೀಯಲ್ಲ, ಅವುಗಳಲ್ಲಿ ಕಾವು ಕೂರುವುದು, ಮರಿ ನೋಡುವುದು ಗಂಡು. ಪನಾಮಾದಲ್ಲಿ ಇವುಗಳ ಹತ್ತಿರದ ಸಂಬಂಧಿ ಹಕ್ಕಿಯ ಜಾಗದಿಂದ ಹೆಣ್ಣನ್ನು ತೆಗೆದು ನೋಡಿದರು. ಹೊಸ ಹೆಣ್ಣು ಬಂತು, ಹಳೆಯ ಮರಿಗಳನ್ನು ಕೊಂದಿತು, ಬಿಡುವಾದ ಗಂಡಿನ ಜೊತೆ ಕೂಡಿತು. ಧಾರವಾಡದಲ್ಲಿ ಆದದ್ದೇ ಅಲ್ಲೂ ಆಯಿತು, ಗಂಡಿನ ಜಾಗದಲ್ಲಿ ಹೆಣ್ಣಿತ್ತು, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಊರಿನಲ್ಲಿ ಯಾರಾದರೂ, ಹಾಗಿದ್ದರೆ ಗಂಡಸರೂ ಹೀಗೇ, ಇದು ನಿಸರ್ಗ ಅಂದರೆ ದಯವಿಟ್ಟು ಒಪ್ಪಬೇಡ. ಒಂದು ಪ್ರಾಣಿಯಲ್ಲಿ ಒಂದು ನಡವಳಿಕೆ ಯಾಕೆ ಉಳಿದು ಬಂತು ಅನ್ನುವುದು ಬೇರೆ, ಮನುಷ್ಯ ಹೇಗೆ ಬದುಕಬೇಕು ಅನ್ನುವುದು ಬೇರೆ. ಮುಸುವದಿಂದ ನೀತಿ ಕಲಿಯುವವರು ಸೋಲ್ ಎಂಬ ಮುದುಕಿಯನ್ನು ಯಾಕೆ ಉದಾಹರಣೆ ಮಾಡಿಕೊಳ್ಳುವುದಿಲ್ಲ ಅಂತ ಕೇಳು.

ಈಗ ನಿನ್ನಿಂದ ನನಗೆ ಒಂದು ಕೆಲಸ ಆಗಬೇಕು. ಸತ್ತ ಮರಿ ಎತ್ತಿಕೊಂಡಿರುವ ತಾಯಿಯ ಹತ್ತಿರ ಯಾರೂ ಹೋಗದ ಹಾಗೆ ನೋಡಿಕೋ, ಮರಿ ಕಸಿದುಕೊಳ್ಳಲು ಹೋಗಬೇಡಿ. ಅದು ತಾನಾಗಿ ಬಿಡುತ್ತದೆ. ಕನಿಕರ ಅಂತ ಬಾಳೆಹಣ್ಣು, ರೊಟ್ಟಿ ಹಾಕುವುದನ್ನೂ ನಿಲ್ಲಿಸಿ. ತಿಂಡಿಗೆ ಒಂದೇ ಕಡೆ ಗುಂಪು ಸೇರಿದರೆ ಮರಿಗಳು ಗಂಡಿನ ಹತ್ತಿರವೇ ಸಿಕ್ಕಿಕೊಳ್ಳುತ್ತವೆ. ದೂರದಿಂದ ನೋಡು, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡು. ಮರಿ ಉಳಿದಿರುವ ತಾಯಂದಿರು ಯಾರ ಪಕ್ಕ ಕೂರುತ್ತವೆ? ಗಂಡು ಹತ್ತಿರ ಬಂದಾಗ ಮೊದಲು ಎದ್ದು ನಿಲ್ಲುವುದು ಯಾವುದು? ಹೊಟ್ಟೆ ದೊಡ್ಡದಾಗಿರುವ ಹೆಣ್ಣು ಯಾವುದಾದರೂ ಗಂಡನ್ನು ಕರೆಯುತ್ತಿದೆಯಾ? ಹಳೆಯ ಗಂಡು ಆಸುಪಾಸಿನಲ್ಲೇ ಇದ್ದರೆ ಅದರ ಜೊತೆ ಯಾವುದಾದರೂ ಮರಿ ಇದೆಯಾ ಅಂತಲೂ ನೋಡು. ಅಬುವಿನಲ್ಲಿ ಹಾಲು ಬಿಡುವ ಹಂತದ ಮರಿಗಳನ್ನು ಕೆಲವು ತಾಯಂದಿರು ಓಡಿಹೋದ ಗಂಡಿನ ಜೊತೆ ಬಿಟ್ಟದ್ದುಂಟು.

ಬೈನಾಕ್ಯುಲರ್ ಬೇಕಾದರೆ ನನ್ನದನ್ನು ಕೊರಿಯರ್‌ನಲ್ಲಿ ಕಳಿಸುತ್ತೇನೆ, ವಿಳಾಸ ಬರೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳತಿ,
ಸುಮಾ